ನಾಲ್ಕನೆಯ ರೊಟ್ಟಿ

ಹಲಗೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸರಿಸಿದ ಲಲ್ಲಾ ಬತೂಲರ ಕೈ ಅಲ್ಲೇ ನಿಂತಿತು.

ಮೂರು ರೊಟ್ಟಿ. ಬೆಳಿಗ್ಗೆ ಬೇಯಲು ಭಟ್ಟಿಗೆ ಹೋದದ್ದು ನಾಲ್ಕು.

"ಇವತ್ತೂ?" ಎಂದರು. ಅಷ್ಟೇ. ಆಮೇಲೆ ಅಂಗಳದ ಕಟ್ಟೆಯ ಮೇಲೆ ಕುಸಿದು ಕೂತು ಅತ್ತುಬಿಟ್ಟರು.

ಅರವತ್ತು ದಾಟಿದ ಹೆಂಗಸು ಒಂದು ರೊಟ್ಟಿಗಾಗಿ ಅಳುವುದೇ? ಮನೆಗೆಲಸದ ಎಂಬಾರ್ಕಾ ಬಟ್ಟೆ ಎತ್ತಿ ಕೆಳಗೆಲ್ಲ ನೋಡಿದಳು. ಹಲಗೆ ಹೊತ್ತು ತಂದವಳು ಅವಳೇ. ಭಾನುವಾರ, ಸೋಮವಾರ, ಈಗ ಮಂಗಳವಾರ. ಮೂರು ದಿನ, ಮೂರು ರೊಟ್ಟಿ.

"ಬಿಡು ಬತೂಲ್," ಎಂದರು ಗಂಡ ಸಿ ಥಾಮಿ. "ಬೆಕ್ಕಿರಬೇಕು. ಈ ಊರಲ್ಲಿ ಮನುಷ್ಯರಿಗಿಂತ ಬೆಕ್ಕುಗಳೇ ಜಾಸ್ತಿ." ಟೋಪಿಯಿದ್ದ ಉದ್ದ ನಿಲುವಂಗಿ ಜೆಲ್ಲಾಬಾವನ್ನು ಸರಿಮಾಡಿಕೊಂಡು, ದಿನದಂತೆ ಕಡಲಹಕ್ಕಿಗಳು ಕೂರುವ ಕೋಟೆಗೋಡೆಯ ಕಡೆ ಹೊರಟುಹೋದರು.

ಫೆಸ್ ಊರಿನ ಈ ಗಂಡಹೆಂಡಿರು ಪ್ರತಿ ವಸಂತದಲ್ಲಿ ಒಂದು ವಾರ ಕಡಲತೀರದ ಎಸ್ಸೌಯಿರಾಕ್ಕೆ ಬಂದು, ಕೋಟೆಯೊಳಗಿನ ಇದೇ ಮನೆಯಲ್ಲಿ ಇಳಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಂದು ವಾರ ಇಲ್ಲಿ ಕಳೆದಿದ್ದರಂತೆ. ಆಮೇಲೆ ಮೂವತ್ತೆಂಟು ವರ್ಷ ತಪ್ಪಿಸಿಲ್ಲ. ಹೆಂಗಸರಿಗೆ 'ಲಲ್ಲಾ', ಗಂಡಸರಿಗೆ 'ಸಿ' ಎನ್ನುವುದು ಅಲ್ಲಿಯ ಮರ್ಯಾದೆ. ಸಿ ಥಾಮಿ ಫೆಸ್‌ನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಲಲ್ಲಾ ಬತೂಲರಿಗೆ ಎಲ್ಲಿ ಹೋದರೂ ರೊಟ್ಟಿ ಮಾತ್ರ ತಮ್ಮ ಕೈಯದೇ ಆಗಬೇಕು. ಈ ಸಲ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹಿಟ್ಟು ನಾದುತ್ತಿದ್ದರು. ನಾಲ್ಕು ರೊಟ್ಟಿ ತಟ್ಟಿ, ಬಾಚಣಿಗೆಯಿಂದ ತಮ್ಮ ಮನೆಯ ಗುರುತಿನ ಎರಡು ಗೆರೆ ಒತ್ತಿ ಕೊಟ್ಟರೆ, ಎಂಬಾರ್ಕಾ ಓಣಿಯವರೆಲ್ಲರ ರೊಟ್ಟಿ ಬೇಯುವ ಭಟ್ಟಿಗೆ ಒಯ್ದು ಬೇಯಿಸಿ ತರುತ್ತಿದ್ದಳು.

ಮನೆಯೊಡತಿ ಲಲ್ಲಾ ಯಾಮ್ನಾ ಅವಳನ್ನು ಪಕ್ಕಕ್ಕೆ ಕರೆದಳು.

"ಹಸಿವಾಗಿದ್ರೆ ನನ್ನ ಕೇಳಬಹುದಿತ್ತಲ್ಲೇ ಎಂಬಾರ್ಕಾ."

"ಲಲ್ಲಾ! ಇಪ್ಪತ್ತು ವರ್ಷ ಈ ಮನೇಲಿ ಉಂಡಿದೀನಿ. ಈಗ ರೊಟ್ಟಿ ಕದೀತೀನಾ?"

"ನಾನೇನೂ ಅನ್ನಲಿಲ್ಲ." ಯಾಮ್ನಾ ಅವಳ ಮುಖ ನೋಡಲಿಲ್ಲ. "ಉಗ್ರಾಣದ ಬೀಗದಕೈ ಕೊಟ್ಟಿರು. ಸುಮ್ನೆ, ಅವರು ಹೋಗೋವರೆಗೆ."

ಎಂಬಾರ್ಕಾ ಸೊಂಟದಿಂದ ಬೀಗದಕೈ ಬಿಚ್ಚಿಕೊಟ್ಟಳು. ಗಂಡ ಸತ್ತ ವರ್ಷ ಅದು ಅವಳ ಸೊಂಟ ಸೇರಿತ್ತು. ಆ ಜಾಗ ಈಗ ಹಗುರಾಗಿ, ಉರಿಯುತ್ತಿತ್ತು.

ಮರುದಿನ ಭಟ್ಟಿಯ ಬಾ ಜಿಲಾಲಿಯ ಮುಂದೆ ಎಲ್ಲ ಹೇಳಿ ಅತ್ತಳು. 'ಬಾ' ಎಂದರೆ ಅಪ್ಪ; ಓಣಿಯವರೆಲ್ಲ ಅವನನ್ನು ಕರೆಯುವುದು ಹಾಗೆಯೇ. ಎಪ್ಪತ್ತರ ಮುದುಕ, ನಲವತ್ತು ವರ್ಷದಿಂದ ಬೆಂಕಿಯ ಮುಂದೆಯೇ ಕೂತವನು. ಓಣಿಯ ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಮುನಿಸು ಎಂಬುದು ಹಲಗೆ ನೋಡಿಯೇ ಅವನಿಗೆ ತಿಳಿಯುತ್ತಿತ್ತು.

"ಅಳೋದು ಆಮೇಲೆ ತಂಗಿ. ಮೊದಲು ಹೇಳು — ಹೋದದ್ದು ಯಾವ ರೊಟ್ಟಿ?"

"ಯಾವುದಂದ್ರೆ? ರೊಟ್ಟಿ ರೊಟ್ಟಿನೇ ಅಲ್ವಾ ಬಾ?"

"ನಿನಗೆ. ನನಗೆ ಒಂದೊಂದಕ್ಕೂ ಒಂದೊಂದು ಮುಖ. ಉಳಿದ ಮೂರು ಹೇಗಿದ್ವು?"

"ಚೆನ್ನಾಗಿ ಕೆಂಪಗೆ."

"ಮೂರೂ? ಮೂರು ದಿನಾನೂ?"

"ಹೌದು."

ಮುದುಕ ಉದ್ದ ಹಿಡಿಯ ಮರದ ಸಲಿಕೆಯಲ್ಲಿ ಅವಳ ರೊಟ್ಟಿಗಳನ್ನು ಹೊರಗೆಳೆದ. "ಇಲ್ಲಿ ನೋಡು. ಮೂರು ಕೆಂಪು. ಒಂದು ಬಿಳಿಚಿಕೊಂಡಿದೆ. ಒಂದೇ ಬೆಂಕಿ, ಒಂದೇ ಕಲ್ಲು, ಆದ್ರೂ ದಿನಾ ಒಂದು ಹೀಗೇ. ಕಳ್ಳ ಇದನ್ನೇ ಆರಿಸ್ಕೊಂಡು ಹೋಗ್ತಾನೆ. ಹಸಿದವನಾಗಿದ್ರೆ ಕೆಂಪಗಿರೋದನ್ನ ಬಿಟ್ಟು ಇದಕ್ಕೆ ಯಾಕೆ ಕೈ ಹಾಕ್ತಾನೆ?"

"ಬೆಕ್ಕು ಅಂತಾರೆ..."

"ಬಟ್ಟೆ ಕಟ್ಟಲ್ವಾ ನೀನು?"

"ಕಟ್ಟದೆ? ಈ ಗಾಳೀಲಿ ಬಟ್ಟೆ ಸಮುದ್ರಕ್ಕೇ ಹೋಗುತ್ತೆ. ನಾನು ಗಂಟು ಹಾಕಿದ್ರೆ ಬಿಚ್ಚೋಕೆ ಹಲ್ಲೇ ಬೇಕು."

"ಹಾಗಾದ್ರೆ ಬೆಕ್ಕು ಗಂಟು ಬಿಚ್ಚಿ, ತಿಂದು, ಮತ್ತೆ ಕಟ್ಟಿ ಹೋಯ್ತಾ? ಭಾರಿ ಮರ್ಯಾದಸ್ಥ ಬೆಕ್ಕು." ಮುದುಕ ಎದ್ದ. "ಕಟ್ಟು. ನಿನ್ನ ಥರಾನೇ ಕಟ್ಟು. ನಾನೂ ಬರ್ತೀನಿ."

ಎಂದಿನಂತೆ ಹಲಗೆಯನ್ನು ಬಾಗಿಲ ಪಡಸಾಲೆಯ ಕಲ್ಲುಕಟ್ಟೆಯ ಮೇಲಿಟ್ಟು, ಎಂಬಾರ್ಕಾ ಪುದೀನ ಚಹಾ ಮಾಡಲು ಅಡುಗೆಮನೆಗೆ ಹೋದಳು. ಬಾ ಜಿಲಾಲಿ ಅವಳ ಎದುರಿಗೇ ಕೂತ, ಕಣ್ಣು ಕದಲಿಸಲಿಲ್ಲ. ಚಹಾ ಕುದಿದಾಗ ಎಲ್ಲರನ್ನೂ ಅಂಗಳಕ್ಕೆ ಕರೆಸಿ ಹಲಗೆ ತರಿಸಿದ. ಸಿ ಥಾಮಿ ಹೊರಡುವ ಅವಸರದಲ್ಲಿದ್ದರು.

"ಒಂದು ಗಳಿಗೆ, ಸಿ ಥಾಮಿ. ಲಲ್ಲಾ ಬತೂಲ್, ನೀವೇ ಬಿಚ್ಚಿ."

ಬತೂಲ್ ಒಂದು ಕೊನೆ ಹಿಡಿದು ಎಳೆದರು. ಗಂಟು ಸರಕ್ಕನೆ ಬಿಚ್ಚಿಕೊಂಡಿತು. ಮೂರು ರೊಟ್ಟಿ!

"ದಿನಾ ಹೀಗೇ ಬಿಚ್ಚುತ್ತಾ?"

"ಹೌದಪ್ಪ. ಮತ್ತೆ ಹೇಗೆ?"

"ಇದು ನನ್ನ ಗಂಟಲ್ಲ!" ಎಂದಳು ಎಂಬಾರ್ಕಾ.

"ಅಲ್ಲ," ಎಂದ ಬಾ ಜಿಲಾಲಿ. "ನೀನು ಅಡುಗೆಮನೆ ಬಿಟ್ಟು ಕದಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಇದು ಚಪ್ಪಟೆ ಗಂಟು. ಪುಸ್ತಕದ ಹಾಳೆ ಹೊಲಿಯೋರು ಹಾಕೋದು. ಲಲ್ಲಾ ಬತೂಲರ ಮನೇಲಿ ಮೂವತ್ತೆಂಟು ವರ್ಷದಿಂದ ಎಲ್ಲ ಕಟ್ಟಿಗೂ ಇದೇ ಗಂಟು. ಅದಕ್ಕೇ ಅವರ ಕಣ್ಣಿಗೆ ಬೀಳಲಿಲ್ಲ." ಅವನು ತಿರುಗಿದ. "ಕಡಲಹಕ್ಕಿಗಳಿಗೆ ರೊಟ್ಟಿ ರುಚಿಸಿತಾ, ಸಿ ಥಾಮಿ?"

ಸಿ ಥಾಮಿಯ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಜೆಲ್ಲಾಬಾದ ಇಳಿಬಿದ್ದ ಟೋಪಿಯೊಳಗಿಂದ ಬಿಳಿಚಿದ ರೊಟ್ಟಿ ಹೊರಬಂತು, ಇನ್ನೂ ಬೆಚ್ಚಗೆ.

"ನೀವಾ?" ಬತೂಲ್ ಆ ರೊಟ್ಟಿಯನ್ನೇ ದಿಟ್ಟಿಸಿದರು. "ನನ್ನ ರೊಟ್ಟಿ ಹಕ್ಕಿಗೆ ಹಾಕಿದ್ರಾ?"

"ಶನಿವಾರ ಇಂಥದೇ ಬಿಳಿಚಿದ್ದನ್ನ ತಿಂದೆ. ಉಪ್ಪಿರಲಿಲ್ಲ," ಎಂದರು ಅವರು, ನೆಲ ನೋಡುತ್ತ. "ನಿಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಮೊದಲು ಉಪ್ಪು ಮರೆತರು. ಆಮೇಲೆ ಮನೆ ದಾರಿ. ಕೊನೆಗೆ ನಿನ್ನ ಹೆಸರು. ನೀನು ತಿಂದು ನೋಡಿ, ಗೊತ್ತಾಗಿ, ಹೆದರ್ಕೊಂಡ್ರೆ... ಈ ಒಂದು ವಾರನಾದ್ರೂ ನಿನಗೆ ಗೊತ್ತಾಗೋದು ಬೇಡ ಅನ್ನಿಸ್ತು."

"ಯಾವತ್ತಾದ್ರೂ ಹಿಟ್ಟು ನಾದಿದೀರಾ?" ಕೇಳಿದ ಬಾ ಜಿಲಾಲಿ.

"ನಾನಾ? ಇಲ್ಲ."

"ಅಲ್ಲೇ ಎಡವಿದ್ದು. ಉಪ್ಪು ಹಾಕದ ಹಿಟ್ಟು ಬೇಗ ಉಬ್ಬಿ, ಬೆಂಕೀಲಿ ಬಿಳಿಚಿಕೊಳ್ಳುತ್ತೆ. ನನಗೆ ಮೊದಲ ದಿನವೇ ಗೊತ್ತಾಯ್ತು. ಆದ್ರೆ ಉಪ್ಪು ಮರೆತವರು ಇಡೀ ಹಿಟ್ಟಿಗೇ ಮರೀತಾರೆ ಸ್ವಾಮಿ. ದಿನಾ, ನಾಲ್ಕರಲ್ಲಿ ಒಂದಕ್ಕೆ ಮಾತ್ರ ಮರೆಯೋಕಾಗಲ್ಲ. ಉಪ್ಪು ಹಾಕೋ ಮುಂಚೆ ಆ ಒಂದು ಪಾಲನ್ನ ತೆಗೆದಿಡಬೇಕು, ಬೇರೆ ನಾದಬೇಕು. ಇದು ಮರೆವಲ್ಲ." ಅವನು ಚಹಾದ ಲೋಟ ಕೈಗೆತ್ತಿಕೊಂಡ. "ಮುಂದಿನದನ್ನ ಹೇಳೋದು ನನ್ನ ಕೆಲಸ ಅಲ್ಲ."

ಎಲ್ಲರೂ ಬತೂಲರ ಕಡೆ ನೋಡಿದರು. ಗಾಳಿ ಮಹಡಿಯ ಮೇಲೆ ಒಣಗಿದ ಬಟ್ಟೆಗಳನ್ನು ಪಟಪಟ ಹೊಡೆಯುತ್ತಿತ್ತು.

"ನನ್ನ ತಲೆ ನೆಟ್ಟಗಿದೆ," ಎಂದರು ಕೊನೆಗೆ. "ನಿಮ್ಮ ಎದೆ ನೆಟ್ಟಗಿಲ್ಲ. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದ್ರು. ಉಪ್ಪು ಮುಟ್ಟಿಸಬೇಡಿ ಅಂದ್ರು. ನಿಮ್ಮಣ್ಣ ಅಂಥದೇ ಮಾತು ಕೇಳಿ ಮಲಗಿದವರು ಏಳಲೇ ಇಲ್ಲ. ಹೇಗೆ ಹೇಳಲಿ ನಿಮಗೆ? ಶನಿವಾರ ನಿಮಗಂತಲೇ ಮಾಡಿದ ಸಪ್ಪೆ ರೊಟ್ಟಿ ಪೂರ್ತಿ ತಿಂದ್ರಿ, ಮಾತಾಡಲಿಲ್ಲ. ನಾಲಿಗೆಗೂ ವಯಸ್ಸಾಯ್ತು ಅಂದ್ಕೊಂಡೆ. ಆಮೇಲೆ ದಿನಾ ನನ್ನ ಕಣ್ಣೆದುರಿಗೇ ಉಪ್ಪಿನ ರೊಟ್ಟಿ ಮುರಿದು ತಿಂತಿದ್ರಿ..."

ಸಿ ಥಾಮಿ ಕಟ್ಟೆಯ ಮೇಲೆ ಕೂತರು.

"ಎಷ್ಟು ದಿನ ಅಂದ್ರು?"

"ಉಪ್ಪು ಬಿಟ್ರೆ ತುಂಬ ದಿನ ಅಂದ್ರು."

"ಹಾಗಾದ್ರೆ ಮೂರು ದಿನ ನಾನು ಹಕ್ಕಿಗಳ ಎದೆ ಕಾಪಾಡಿದೆ ಅನ್ನು."

ಬತೂಲ್ ಅಳುತ್ತಲೇ ನಕ್ಕು, ಅವರ ತೋಳಿಗೆ ಒಂದೇಟು ಕೊಟ್ಟರು. ಅವರು ಬಿಳಿಚಿದ ರೊಟ್ಟಿ ಮುರಿದರು. ಬತೂಲ್ ಕೈ ಚಾಚಿದರು.

"ನಿನಗೆ ಕೆಂಪಗಿರೋದು ಇದೆಯಲ್ಲ."

"ಕೊಡ್ರೀ, ಸುಮ್ನೆ."

ಬೀಗದಕೈಯ ವಿಷಯ ತಿಳಿದಾಗ ಸಿ ಥಾಮಿ ಎದ್ದುನಿಂತು, ಬಲಗೈ ಎದೆಯ ಮೇಲಿಟ್ಟು ಎಂಬಾರ್ಕಾಳ ಮುಂದೆ ತಲೆ ತಗ್ಗಿಸಿದರು. ಯಾಮ್ನಾ ಹತ್ತಿರ ಬಂದು ತಾನೇ ಬಗ್ಗಿ ಬೀಗದಕೈಯನ್ನು ಎಂಬಾರ್ಕಾಳ ಸೊಂಟಕ್ಕೆ ಕಟ್ಟಿದಳು. ಕಟ್ಟಿದ ಮೇಲೂ ಕೈ ತೆಗೆಯಲಿಲ್ಲ.

"ಬಾಯಿ ಬಿಟ್ಟು ಬೈಯೇ," ಎಂದಳು.

"ನಾಳೆ ಬೈತೀನಿ, ಲಲ್ಲಾ. ಇವತ್ತು ಚಹಾ ಆರಿಹೋಗುತ್ತೆ."

ಶನಿವಾರ ಅವರು ಹೊರಟರು. ದಾರಿಗೆಂದು ಭಟ್ಟಿಯಿಂದ ಬಂದ ನಾಲ್ಕೂ ರೊಟ್ಟಿ ಬಿಳಿಚಿಕೊಂಡಿದ್ದವು. ಎಂಬಾರ್ಕಾ ಅವನ್ನು ಬಟ್ಟೆಯಲ್ಲಿ ಸುತ್ತಿ, ತನ್ನದೇ ಗಂಟು ಬಿಗಿದು ಕೊಟ್ಟಳು. ಸಿ ಥಾಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದನ್ನ ಬಿಚ್ಚೋದು ಹೇಗಮ್ಮ?"

"ಒಬ್ಬರಿಂದ ಆಗಲ್ಲ," ಎಂದಳು ಎಂಬಾರ್ಕಾ. "ಆ ಕೊನೆ ನೀವು ಹಿಡ್ಕೊಳ್ಳಿ. ಈ ಕೊನೆ ಅವರು."