ದೂರಿಲ್ಲದ ಮೂರು ತಿಂಗಳು

ಬಾಗಿಲಲ್ಲಿ ಖಾಕಿ ಚೀಲದ ಗಂಡಸನ್ನು ಕಂಡದ್ದೇ ತಡ, ರಂಗೂಬಾಯಿ ರೇಡಿಯೋದ ಮೇಲೆ ದುಪ್ಪಟಿ ಎಳೆದುಬಿಟ್ಟರು. ರೇಡಿಯೋ ಮಾತ್ರ ಮರ್ಯಾದೆಯಿಲ್ಲದೆ ಒಳಗಿಂದಲೇ ಪೇಟೆ ಧಾರಣೆ ಓದುತ್ತಿತ್ತು.

"ರೇಡಿಯೋಕ್ಕ ಲೈಸೆನ್ಸ್ ಅದ ತಮ್ಮಾ. ಪೋಸ್ಟಿನಾಗ ತಗೊಂಡೇವಿ," ಎಂದರು. ಲೈಸೆನ್ಸ್ ಇದ್ದವರೂ ಹೆದರುವ ಕಾಲ ಅದು.

"ಲೈಸೆನ್ಸ್ ಕೇಳಲಿಕ್ಕೆ ಬಂದಿಲ್ರಿ ಬಾಯಾರ. ನಾ ದೂರಿನ ಕಚೇರಿಯಂವ, ಮಧುಕರ ಅಂತ."

ಅಡುಗೆಮನೆಯಲ್ಲಿ ಬಳೆಗಳ ಸದ್ದು ಥಟ್ಟನೆ ನಿಂತಿತು. ಮಧುಕರ ಬಂದದ್ದು ಆ ಬಳೆಗಳಿಗಾಗಿಯೇ, ಆದರೆ ಅದನ್ನು ಬಾಗಿಲಲ್ಲಿ ನಿಂತು ಹೇಳಲಾದೀತೆ?

೧೯೪೬ರ ಮಾತು. ಮುಂಬಯಿ ರೇಡಿಯೋದಿಂದ ಗುರುವಾರ ಸಂಜೆ ಕಾಲು ಗಂಟೆ ಕನ್ನಡ ಬರುತ್ತಿತ್ತು. ಅದರ ಮೇಲಿನ ದೂರುಗಳನ್ನು ಪುಣೆಯ ಪುಟ್ಟ ಕಚೇರಿಯಲ್ಲಿ ಕೂತು ವಿಚಾರಿಸುವವನು ಧಾರವಾಡದ ಈ ಮಧುಕರ. ದೂರಿಗೆ ನಂಬರು ಹಾಕಬೇಕು, ನಿಜವೋ ಸುಳ್ಳೋ ಪರೀಕ್ಷಿಸಬೇಕು, ಹದಿನೈದು ದಿನದೊಳಗೆ ಉತ್ತರ ಬರೆಯಬೇಕು. ದೂರಿಗೆ ಲೈಸೆನ್ಸ್ ಇದ್ದವರದೇ ಸಹಿ ಬೇಕು. ಹೊಗಳಿಕೆಯ ಪತ್ರಕ್ಕೆ ನಂಬರೇ ಇಲ್ಲ.

ವಾರ ತಪ್ಪದೆ ಬರುತ್ತಿದ್ದದ್ದು ಪುಣೆಯಲ್ಲೇ ಇದ್ದ ರಂಗೂಬಾಯಿಯವರ ದೂರು. ಸಹಿಯ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ, 'ಬರೆದವಳು: ಸೋದರಸೊಸೆ ಶಾಮಲಾ.' ಒಮ್ಮೆ ಆಕೆ ಬರೆದಿದ್ದಳು: 'ಸಜ್ಜಿ ಹಿಟ್ಟನ್ನು ತಣ್ಣೀರಿನಲ್ಲಿ ನಾದಬೇಕೆಂದು ರೇಡಿಯೋದವರು ಹೇಳಿದರು. ಅವರು ಜನ್ಮದಲ್ಲಿ ರೊಟ್ಟಿ ಬಡಿದಿಲ್ಲ.' ನಿಯಮವೆಂದರೆ ನಿಯಮ. ಮಧುಕರ ತನ್ನ ಖೋಲಿಯಲ್ಲಿ ಸ್ಟೋವ್ ಹಚ್ಚಿ, ಎರಡು ಬೆರಳು ಸುಟ್ಟುಕೊಂಡು ಉತ್ತರ ಬರೆದ: 'ತಣ್ಣೀರಿನಲ್ಲಿ ನಾದಿ ಪರೀಕ್ಷಿಸಲಾಯಿತು. ರೊಟ್ಟಿ ಒಡೆಯಿತು, ಎರಡು ಬೆರಳು ಸುಟ್ಟವು. ದೂರು ಸತ್ಯ.'

ಆಮೇಲೆ ಆಕೆಯ ಒಂದೊಂದು ದೂರನ್ನೂ ಅವನು ಎಷ್ಟು ಪ್ರೀತಿಯಿಂದ ಪರಿಹರಿಸಿದನೆಂದರೆ, ಕಾರ್ಯಕ್ರಮದಲ್ಲಿ ತಪ್ಪೇ ಉಳಿಯಲಿಲ್ಲ. ಪತ್ರಗಳು ನಿಂತವು. ಕೂತ ಟೊಂಗೆಯನ್ನೇ ಕಡಿದುಕೊಂಡಿದ್ದ ಪುಣ್ಯಾತ್ಮ. ಮೂರು ತಿಂಗಳು ಕಾದು ಕಚೇರಿಯ ಮೇಲಧಿಕಾರಿ ಏಕನಾಥ ಸಾಹೇಬರು ತಮ್ಮ ಮರಾಠಿಯಲ್ಲಿ ತೀರ್ಪು ಕೊಟ್ಟರು: ಯಾರೂ ಬೈಯದ ಕಾರ್ಯಕ್ರಮ ಯಾರೂ ಕೇಳದ ಕಾರ್ಯಕ್ರಮ. ಶನಿವಾರದೊಳಗೆ ಒಂದಾದರೂ ದೂರು ಬರದಿದ್ದರೆ ಕನ್ನಡದ ಮೇಜು ಬಂದ್, ಮಧುಕರ ಮುಂಬಯಿಗೆ. ಇವತ್ತು ಶುಕ್ರವಾರ.

ಶಾಮಲಾ ಚಹಾ ತಂದಳು. ಅವನ ಮುಖ ನೋಡುವ ಮೊದಲು ಬೆರಳು ನೋಡಿದಳು.

"ಗಾಯ ಮಾದಾವೇನ್ರಿ?"

"ಕಲಿ ಉಳದಾವ್ರಿ," ಎಂದ ಮಧುಕರ. ಆ ಕಲೆಗಳು ಇನ್ನೂ ಉಳಿದದ್ದಕ್ಕೆ ಅವನಿಗೆ ಖುಷಿಯಾಯಿತು. ಬಂದ ಕಾರಣವನ್ನೆಲ್ಲ ಹೇಳಿ, ಚೀಲದಿಂದ ದೂರಿನ ಫಾರ್ಮ್ ತೆಗೆದಿಟ್ಟ. "ಏನರೆ ಒಂದು ದೂರು ಕೊಡ್ರಿ."

"ತಪ್ಪಿಲ್ಲದ ಹ್ಯಾಂಗ ಕೊಡ್ಲಿ? ಸುಳ್ಳು ಬರದ್ರ ನೀವು ಪರೀಕ್ಷಾ ಮಾಡಿ ಹಿಡೀತೀರಿ."

"ಹಿಡೀತೀನ್ರಿ," ಎಂದು ಅವನು ಒಪ್ಪಿಕೊಂಡ. "ಸುಳ್ಳು ಬ್ಯಾಡ. ಖರೇನ ಇದ್ರ ಕೊಡ್ರಿ."

"ಮುಂಬಯಿ ಭಾಳ ಚಂದ ಅದಂತ. ಹೋದ್ರೇನಾತು?" ಕಣ್ಣಂಚಿನಲ್ಲಿ ನಗು ಇತ್ತು, ದನಿಯಲ್ಲಿ ಇರಲಿಲ್ಲ.

ಮಧುಕರನಿಗೆ ಕಚೇರಿಯ ಭಾಷೆಯೆಲ್ಲ ಮರೆತುಹೋಯಿತು. "ನಿಮ್ಮ ಅಕ್ಷರ ನೋಡದ ಮೂರು ತಿಂಗಳು ಹ್ಯಾಂಗ ಕಳದೇನಿ ನನಗ ಗೊತ್ತು. ಜನ್ಮ ಪೂರಾ ಆಗೂದಿಲ್ರಿ."

ಶಾಮಲಾ ಫಾರ್ಮ್ ಎಳೆದುಕೊಂಡು, ಕಿವಿಯವರೆಗೂ ಕೆಂಪಾಗಿ, ಸರಸರ ಬರೆದು ಅವನತ್ತ ತಳ್ಳಿದಳು.

'ದೂರಿನ ವಿವರ: ಮೂರು ತಿಂಗಳಿಂದ ಕಾರ್ಯಕ್ರಮದಲ್ಲಿ ತಪ್ಪಿಲ್ಲ. ಗುಮಾಸ್ತರಿಗೆ ಪತ್ರ ಬರೆಯಲು ನೆವ ಸಿಗದೆ ನನಗೆ ಬಹಳ ತ್ರಾಸಾಗಿದೆ. ಬೇಕಾದ ಪರಿಹಾರ: ಗುರುವಾರಕ್ಕೊಮ್ಮೆ ಗುಮಾಸ್ತರು ನಮ್ಮ ಮನೆಗೇ ಬಂದು ಕಾರ್ಯಕ್ರಮ ಕೇಳಬೇಕು.'

ಮಧುಕರ ಎರಡು ಸಲ ಓದಿದ. "ಸಾಹೇಬರಿಗೆ ಇದನ್ನ ಹ್ಯಾಂಗ ತೋರಿಸ್ಲಿ?"

"ನಿಮ್ಮ ಆಫೀಸಿನಾಗ ಕನ್ನಡ ಯಾರಿಗೆ ಬರ್ತದ?"

"ನನಗೊಬ್ಬಗ. ಸಾಹೇಬರು ನಂಬರಷ್ಟ ನೋಡ್ತಾರ."

"ಮತ್ತ?"

ಆದರೆ ಸಹಿ ಲೈಸೆನ್ಸ್ ಇದ್ದವರದೇ ಬೇಕಲ್ಲ. ಇಬ್ಬರೂ ಒಟ್ಟಿಗೇ ರಂಗೂಬಾಯಿಯತ್ತ ತಿರುಗಿದರು. ತಾಯಿಯಿಲ್ಲದ ಹುಡುಗಿಯನ್ನು ಬೆಳೆಸಿದ ಸೋದರತ್ತೆ ಆಕೆ. ಮೂಗಿಗೆ ಚಾಳೀಸು ಏರಿಸಿ ಫಾರ್ಮನ್ನು ನಿಧಾನವಾಗಿ ಓದಿದರು. ಮಧುಕರನನ್ನು ನೋಡಿದರು, ಅವನ ಬೆರಳು ನೋಡಿದರು, ಪೆನ್ನಿಗೆ ಕೈ ಚಾಚಿದರು. 'ಗುರುವಾರಕ್ಕೊಮ್ಮೆ' ಎಂಬುದಕ್ಕೆ ಅಡ್ಡಗೆರೆ ಎಳೆದು ಕೆಳಗೆ ದಪ್ಪಗೆ ಸಹಿ ಹಾಕಿದರು.

"ಕಾರ್ಯಕ್ರಮ ಗುರುವಾರ ಅಷ್ಟ ಬರ್ತದ್ರಿ ಬಾಯಾರ," ಎಂದ ಮಧುಕರ ಮೆಲ್ಲಗೆ.

"ಹಸಿವಿ ದಿನಾ ಆಗ್ತದಲ್ಲಪಾ. ಬಾ, ಊಟಾ ಮಾಡು. ನಿಮ್ಮ ಹಿರ್ಯಾರನ್ನ ಯಾವಾಗ ಕರಕೊಂಡು ಬರ್ತಿ, ಅದನ್ನ ಹೇಳು."

ಶಾಮಲಾ ಒಳಗೆ ಓಡಿದಳು, ಒಲೆಯ ಮೇಲೆ ಎಸರಿಟ್ಟ ಸದ್ದಾಯಿತು. ಉತ್ತರ ಬರೆಯಲು ಮಧುಕರನಿಗೆ ಹದಿನೈದು ದಿನ ಇತ್ತು. ಅವನು ಅಲ್ಲೇ, ರೇಡಿಯೋದ ದುಪ್ಪಟಿ ಸರಿಸಿ ಫಾರ್ಮ್ ಇಟ್ಟುಕೊಂಡು, ಸುಟ್ಟ ಬೆರಳುಗಳಿಂದಲೇ ಬರೆದ: 'ದೂರು ಸತ್ಯ. ಗುಮಾಸ್ತರಿಗೂ ಅದೇ ತ್ರಾಸು.'