ಮೊಳೆ ನುಂಗಿದ ಮರದ ಬಟ್ಟಲು

"ಅದರಲ್ಲಿ ಕಂಬ ಮಾಡ್ಕೋ, ಬಾಗಿಲು ಮಾಡ್ಕೋ, ಬೇಕಾದ್ರೆ ನಿನ್ನ ಹೆಣದ ಪೆಟ್ಟಿಗೆನೂ ಮಾಡ್ಕೋ. ಬಾಯಿಗೆ ತಾಗೋದನ್ನ ಮಾತ್ರ ಮಾಡ್ಬೇಡ," ಎಂದಳು ಕಿನು ಅಜ್ಜಿ.

ಮುನೆಹಿರೊ ಹಲ್ಲು ಕಿರಿದ. ಗುಡಿಯ ಅಂಗಳದಲ್ಲಿ ಚಂಡಮಾರುತಕ್ಕೆ ಉರುಳಿದ್ದ ಕೆಯಾಕಿ ಮರವನ್ನು ತುಂಡು ಮಾಡಿಸಿ ಆಗಷ್ಟೇ ತನ್ನ ಕೆಲಸದ ಕೊಟ್ಟಿಗೆಯ ಮುಂದೆ ಇಳಿಸಿಕೊಂಡಿದ್ದ. ಬಿದ್ದಾಗಿನಿಂದ ಆ ಮರ ಅಲ್ಲೇ ಹಾಗೇ ಮಲಗಿತ್ತು. ನಮ್ಮ ಕಣಿವೆಯಲ್ಲಿ ಮನೆಗೊಬ್ಬ ಬಟ್ಟಲು ಕಡೆಯುವವನಿದ್ದಾನೆ; ಒಳ್ಳೆಯ ಕೆಯಾಕಿ ಕಂಡರೆ ಬಾಯಲ್ಲಿ ನೀರೂರುವ ಜನ ನಾವು. ಆದರೂ ಒಬ್ಬರೂ ಅದರ ಒಂದು ಚಕ್ಕೆ ಎತ್ತಿರಲಿಲ್ಲ, ಒಲೆಗೂ ಹಾಕಿರಲಿಲ್ಲ. ಒಸಾಕಾದಿಂದ ಬಂದ ಈ ಮಹಾನುಭಾವನಿಗೆ ಅಷ್ಟಾದರೂ ಹೊಳೆಯಬೇಡವೇ?

"ಯಾಕಜ್ಜಿ, ಮರಕ್ಕೇನು ಹೊಟ್ಟೆನೋವಾ?"

"ನಗು, ನಗು. ಊರವರು ಯಾರೂ ಯಾಕೆ ಮುಟ್ಟಿಲ್ಲ ಅಂತ ಒಂದ್ಸಲ ಯೋಚನೆ ಮಾಡು."

"ಸೋಮಾರಿಗಳು, ಅದಕ್ಕೇ!"

ಅಜ್ಜಿ ಬೇಲಿಯಾಚೆ ಉಗುಳಿ ಒಳಗೆ ಹೋದಳು. ಗಂಡ ಸತ್ತ ಮೇಲೆ ಬಟ್ಟಲುಗಳಿಗೆ ಅರಗು ಹಚ್ಚಿ ಬದುಕಿದವಳು, ಬೆರಳುಗಳೆಲ್ಲ ಕಪ್ಪು. ಅವಳ ಪಕ್ಕದ ಉರಾಬೆಯವರ ಮನೆ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಮುನೆಹಿರೊ ಹೆಂಡತಿ ಚಿಗುಸಾಳನ್ನೂ ಎಳೆಗೂಸು ಸಯೊಳನ್ನೂ ಕರೆತಂದು ಅಲ್ಲಿ ಸಂಸಾರ ಹೂಡಿದ್ದ. ಮಗಳ ನೂರನೆಯ ದಿನದ ಊಟಕ್ಕೆ ಹೊಸ ಬಟ್ಟಲು ಬೇಕಲ್ಲ, ಅದನ್ನು ತಾನೇ ಕಡೆಯಬೇಕು, ಅದೂ ಊರೇ ಹೆದರಿದ ಮರದಲ್ಲಿ ಕಡೆಯಬೇಕು ಎಂಬ ಹಟ ಅವನದು.

ಕಡೆಯಲು ಕೂತ ದಿನ ನಡುಹಗಲಿಗೇ ಕತ್ತಲು ಕವಿದಿತ್ತು. ಹಿಮ ಬೀಳುವ ಮುನ್ನಿನ ಗುಡುಗು ಬೆಟ್ಟದ ಬೆನ್ನಲ್ಲಿ ಉರುಳುತ್ತಿತ್ತು. ಲೇತು ಗುಂಯ್ಯೆಂದು ತಿರುಗಿತು, ಉಳಿ ತಾಗಿತು, ಕೆಂಪು ಹೊಟ್ಟು ಸುರುಳಿ ಸುರುಳಿಯಾಗಿ ಮಡಿಲಿಗೆ ಬಿತ್ತು. ಮೊದಮೊದಲು ಕೆಯಾಕಿಯ ಖಾರದ ವಾಸನೆ ಬಂತು. ಆಮೇಲೆ ವಾಸನೆ ಬದಲಾಯಿತು. ಕೊಳೆತ ಹುಲ್ಲು, ಅದರ ಹಿಂದೆಯೇ ಕೂದಲು ಸುಟ್ಟ ಕಮಟು. ಇಲಿ ಸತ್ತಿರಬೇಕೆಂದು ಮುನೆಹಿರೊ ಸುತ್ತ ನೋಡಿದ. ಅಷ್ಟರಲ್ಲಿ ಉಳಿ ಕಿರ್ರೆಂದು ಚೀರಿ ಕಿಡಿ ಹಾರಿಸಿತು.

ಮರದ ಹೊಟ್ಟೆಯಲ್ಲಿ ಮೊಳೆಯಿತ್ತು. ಬೆರಳುದ್ದದ, ಚೌಕ ತಲೆಯ, ಕುಲುಮೆಯಲ್ಲಿ ಬಡಿದ ಹಳೆಯ ಕಬ್ಬಿಣ. ಇಕ್ಕಳ ಹಾಕಿ ಎಳೆದಾಗ ಅದು ಸುಲಭಕ್ಕೆ ಬರಲಿಲ್ಲ. ದವಡೆಹಲ್ಲು ಕಿತ್ತ ಹಾಗೆ ಕರಕರ ಸದ್ದು ಮಾಡಿ ಹೊರಬಂತು. ತೂತಿನಿಂದ ಕಪ್ಪು ನೀರು ಜಿನುಗಿತು. ಗುಡಿಯ ಮರದಲ್ಲಿ ಮೊಳೆ ಏಕಿರುತ್ತದೆಂದು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹುಲ್ಲಿನ ಗೊಂಬೆ ಕಟ್ಟಿ, ಆಗದವರ ಹೆಸರು ಹೇಳಿ, ದೇವರ ಮರಕ್ಕೆ ಜಡಿಯುತ್ತಾರೆ. ಗೊಂಬೆ ಕೊಳೆತು ಹೋಗುತ್ತದೆ, ಮರ ಬೆಳೆದು ಮೊಳೆಯನ್ನು ನುಂಗಿಕೊಳ್ಳುತ್ತದೆ. ಮುನೆಹಿರೊಗೂ ಇದೆಲ್ಲ ಗೊತ್ತಿತ್ತು.

"ಯಾವಳೋ ಹುಚ್ಚಿ," ಎಂದು ಮೊಳೆಯನ್ನು ಗುಜರಿ ಡಬ್ಬಿಗೆ ಎಸೆದ.

ಬಟ್ಟಲು ಚೆಂದವಾಗಿಯೇ ಬಂತು. ತೂತು ಹೋಗುವಷ್ಟು ಮರ ಕಡೆದು ತೆಗೆದಿದ್ದರೂ ತಳದಲ್ಲಿ ಒಂದು ಕಪ್ಪು ಕಲೆ ಉಳಿಯಿತು. ಕಬ್ಬಿಣ ತಾಗಿದ ಕೆಯಾಕಿ ಕಪ್ಪಾಗುವುದು ಹೊಸದೇನಲ್ಲ. ಆದರೆ ಅರಗು ಹಚ್ಚಿ ಒಣಗಿಸಿದ ಮೇಲೂ ಆ ಕಲೆ ಮಾತ್ರ ಮುಟ್ಟಿದರೆ ಒದ್ದೆಯಾಗಿತ್ತು.

ನೂರನೆಯ ದಿನದ ಊಟ ಎಂದರೆ ಮಗು ನಿಜಕ್ಕೂ ಉಣ್ಣುವುದೇನಿಲ್ಲ. ಕೆಂಪಕ್ಕಿಯ ಹಾಗೆ ಕಾಣುವ ಅಲಸಂದೆ ಅನ್ನ, ಇಡೀ ಮೀನು, ತಿಳಿಸಾರು ಇಟ್ಟು, ಹೆಣ್ಣುಮಗುವಾದರೆ ಇದ್ದವರಲ್ಲಿ ಹಿರಿಯ ಹೆಂಗಸು ಊಟದ ಕಡ್ಡಿಗಳಲ್ಲಿ ಒಂದಗುಳು ಎತ್ತಿ ತುಟಿಗೆ ಮುಟ್ಟಿಸುತ್ತಾಳೆ. ಹುಟ್ಟಿದ ಮೇಲೆ ಒಂದು ದಿನವೂ ಉಪವಾಸ ಇರಬಾರದು ಎಂಬ ಹಾರೈಕೆ. ಚಿಗುಸಾ ಪಾಪ, ಪಕ್ಕದ ಮನೆಯ ಕಿನು ಅಜ್ಜಿಯನ್ನೇ ಕರೆದಳು.

ಅಜ್ಜಿ ಒಳ್ಳೆಯ ಕಿಮೊನೊ ಉಟ್ಟು ಬಂದಳು. ಕೂತಳು. ಬಟ್ಟಲು ನೋಡಿದಳು. ಅವಳ ಕೈಯ ಕಡ್ಡಿಗಳು ಚಾಪೆಗೆ ಬಿದ್ದವು.

"ಬೇರೆ ಬಟ್ಟಲು ತಗೊಂಬಾರಮ್ಮ."

"ಯಾಕಜ್ಜಿ? ಇವರೇ ಮಾಡಿದ್ದು ಇದು," ಎಂದಳು ಚಿಗುಸಾ.

"ಬೇರೆದು ಕೊಡು. ನಾನು ಉಣಿಸಲ್ಲ ಇದರಲ್ಲಿ. ನನ್ನ ಕೈಲಿ ಬೇಡ."

"ನೋಡಿದ್ಯಾ ಚಿಗುಸಾ, ಹೊಟ್ಟೆಕಿಚ್ಚು!" ಎಂದ ಮುನೆಹಿರೊ. "ಅಜ್ಜಿ, ಮಗು ಮುಂದೆ ನಾಟಕ ಆಡ್ಬೇಡಿ. ಉಣಿಸ್ತೀರೋ, ಇಲ್ಲಾ ಕೈಹಿಡಿದು ಉಣಿಸ್ಲೋ?"

ಮಾತು ಮುಗಿಯುವ ಮುಂಚೆಯೇ ಅವಳ ಮಣಿಕಟ್ಟು ಹಿಡಿದ. ಕಡ್ಡಿ ಕೊಟ್ಟ. ಅಗುಳು ಸಿಕ್ಕಿಸಿದ. ಮುದುಕಿಯ ಕಪ್ಪು ಬೆರಳನ್ನು ಮಗಳ ತುಟಿಯವರೆಗೆ ತಾನೇ ನೂಕಿದ. ಅನ್ನ ತುಟಿಗೆ ತಾಗಿತು. ಕಿಲಕಿಲ ಎನ್ನುತ್ತಿದ್ದ ಸಯೊ ತಟಕ್ಕನೆ ಬಾಯಿ ಮುಚ್ಚಿದಳು.

ಆ ಬಾಯಿ ಮತ್ತೆ ತೆರೆಯಲಿಲ್ಲ. ಸಂಜೆ ಮೊಲೆಗಿಟ್ಟರೆ ಮುಖ ತಿರುಗಿಸಿದಳು. ಚಿಗುಸಾ ಬೆರಳಲ್ಲಿ ಹಾಲು ಹಚ್ಚಿ ನೋಡಿದಳು, ತುಟಿ ಕಲ್ಲಾಗಿತ್ತು. ಅಳು ಕೂಡ ಮೂಗಿನಲ್ಲೇ ಬರುತ್ತಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಕೊಳವೆ ಹಾಕಿದರು; ಹೋದ ಹಾಲೆಲ್ಲ ಅದೇ ಕೊಳವೆಯಲ್ಲಿ ಕಪ್ಪು ನೀರಾಗಿ ವಾಪಸು ಬಂತು. ಡಾಕ್ಟರು ರಕ್ತನಾಳಕ್ಕೆ ಸೂಜಿ ಚುಚ್ಚಿದರು. ಸೂಜಿಯಲ್ಲಿ ಎಷ್ಟು ದಿನ ನೂಕುವುದು? ಮಗುವಿನ ಕೈಕಾಲು ಕಡ್ಡಿಯಾದವು. ತಾಯಿ ಮಗು ಅಲ್ಲಿ, ಮುನೆಹಿರೊ ಬಟ್ಟೆಬರೆ ಒಯ್ಯಲು ಊರಿಗೆ ಬಂದ. ಮನೆ ತುಂಬ ಕೊಳೆತ ಹುಲ್ಲಿನ ವಾಸನೆ. ತೊಳೆಯದೆ ಬಿಟ್ಟುಹೋಗಿದ್ದ ಬಟ್ಟಲಿನಲ್ಲಿ ಅನ್ನ ಹಾಗೇ ಇತ್ತು, ಹಳಸಿರಲಿಲ್ಲ, ಬಿಸಿಯಾಗಿತ್ತು.

ಬಟ್ಟಲು ಎತ್ತಿಕೊಂಡು ಸೀದಾ ಅಜ್ಜಿಯ ಮನೆಗೆ ನುಗ್ಗಿದ.

"ಏನ್ ಮಾಡಿದ್ದೀಯ ಮುದುಕಿ? ಬೊಗಳು!"

ಅಜ್ಜಿ ಒಲೆಯ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಯುದ್ಧ ಮುಗಿದ ಚಳಿಗಾಲ ಅದು. ನನ್ನ ಎದೆ ಬತ್ತಿಹೋಗಿತ್ತು, ಕೂಸು ಚೀಪಿ ಚೀಪಿ ಅಳ್ತಿತ್ತು. ನೀನಿರೋ ಮನೇಲಿ ಉರಾಬೆಯವರ ಕಣಜದ ತುಂಬ ಅಕ್ಕಿ. ಒಂದು ಬಟ್ಟಲು ಗಂಜಿ ಕೇಳ್ದೆ. ಬಾಗಿಲು ಹಾಕ್ಕೊಂಡ್ರು. ಕೂಸು ಹೋಯ್ತು. ಅದನ್ನ ಮಣ್ಣು ಮಾಡಿ, ಸೀದಾ ಗುಡಿಗೆ ಹೋಗಿ ಮೊಳೆ ಹೊಡೆದೆ. ಈ ಮನೆಯ ಮಗು ಅನ್ನ ಕಾಣಬಾರದು ಅಂತ."

"ನಾವು ಉರಾಬೆಯವರಲ್ಲ!"

"ಮಾಟಕ್ಕೆ ಅದೆಲ್ಲ ಎಲ್ಲಿ ಗೊತ್ತಾಗ್ಬೇಕು? ನಾನು ಮನೆ ಅಂದಿದ್ದೆ. ಅವರಿಗೆ ಮಕ್ಕಳೇ ಆಗ್ಲಿಲ್ಲ, ಮರ ಮೊಳೆಯನ್ನ ಹೊಟ್ಟೇಲಿಟ್ಕೊಂಡು ಕಾಯ್ತು. ನೀನು ಕಿತ್ತೆ. ಆ ಮನೇಲೇ ಬಡಿಸಿದೆ. ಅದೂ ನನ್ನ ಕೈಲೇ ಉಣಿಸಿದೆಯಲ್ಲೋ ಪಾಪಿ!"

ಮುನೆಹಿರೊ ಬಟ್ಟಲನ್ನು ಅವಳ ಮುಂದಿಟ್ಟು ನೆಲಕ್ಕೆ ಹಣೆ ಹಚ್ಚಿದ. "ಬಿಡಿಸಿ ಅಜ್ಜಿ. ಹೇಗಾದ್ರೂ ಬಿಡಿಸಿ. ನನ್ನ ಕೂಸು ಸಾಯ್ತಾ ಇದೆ."

"ಮೊಳೆ ಹೊಡೆದವಳು ಅದೇ ಬಟ್ಟಲಲ್ಲಿ ಉಣ್ಬೇಕು. ಆಗ ಅವಳ ಬಾಯಿ ಮುಚ್ಚುತ್ತೆ, ಮಗು ಬಾಯಿ ತೆರೆಯುತ್ತೆ." ಅಜ್ಜಿ ಬಟ್ಟಲನ್ನು ಒಲೆಯ ಪಕ್ಕಕ್ಕೆ ಸರಿಸಿದಳು. "ಉಣ್ತೀನಿ. ಹಸಿವು ಅಂದ್ರೇನು ಅಂತ ನೋಡಿದವಳು ನಾನು, ಹೆದರಿಕೆ ಆಗುತ್ತೆ ಕಣೋ. ಇವತ್ತೊಂದಿನ ಬಿಡು. ಹೊಟ್ಟೆ ತುಂಬ ಒಂದೂಟ ಮಾಡ್ತೀನಿ. ಬೆಳಿಗ್ಗೆ ನಾನೇ ಬರ್ತೀನಿ. ನಾನಾಗಿ ಉಂಡ್ರೆ ಎಲ್ಲ ನನ್ನ ಜೊತೆ ಮುಗೀತು. ನೀನು ತುರುಕಿದ್ರೆ ಅದು ನಿನ್ನ ಮಾಟ ಆಗುತ್ತೆ, ನೆನಪಿಟ್ಕೋ."

ಆಗ ಬೇಲಿಯಾಚೆ ಅವನ ಮನೆಯ ಫೋನು ರಿಂಗಾಯಿತು. ಓಡಿದ.

"ಉಸಿರು ನಿಧಾನ ಆಗ್ತಿದೆ ರೀ," ಎಂದಳು ಚಿಗುಸಾ ಆಸ್ಪತ್ರೆಯಿಂದ. "ಬೇಗ ಬನ್ನಿ. ಬೇಗ..."

ರಿಸೀವರು ಕೈಯಿಂದ ಜಾರಿ ನೇತಾಡಿತು. ಅವನು ಆಸ್ಪತ್ರೆಗೆ ಹೋಗಲಿಲ್ಲ. ಹಿಮದಲ್ಲಿ ಎದ್ದು ಬಿದ್ದು ಬೇಲಿ ದಾಟಿದ. ಅಜ್ಜಿ ಪಾತ್ರೆ ತೊಳೆದು ಅಕ್ಕಿ ಹಾಕುತ್ತಿದ್ದಳು, ಕೊನೆಯ ಊಟಕ್ಕೆ.

"ಬೆಳಿಗ್ಗೆ ಅಂತೆ ಬೆಳಿಗ್ಗೆ! ಓಡಿಹೋಗೋಕಾ?"

"ಇಲ್ಲಪ್ಪಾ, ದೇವರಾಣೆ—"

ಕೆಡವಿದ. ಎದೆಯ ಮೇಲೆ ಮಂಡಿಯಿಟ್ಟ. ದವಡೆ ಹಿಡಿದ. ಬೆರಳು ಕಚ್ಚಿದಳು. ರಕ್ತ ಬಂತು. ಬಿಡಲಿಲ್ಲ. ಬಟ್ಟಲಿಗೆ ಕೈಹಾಕಿದ. ಅನ್ನ ಸುಡುತ್ತಿತ್ತು. ತುರುಕಿದ. ಮೂಗು ಮುಚ್ಚಿದ. ನುಂಗು. ನುಂಗು. ನುಂಗೇ!

ಗಂಟಲು ಏರಿ ಇಳಿಯಿತು.

ಕೂದಲು ಸುಟ್ಟ ವಾಸನೆ ಗಪ್ಪೆಂದು ನಿಂತುಹೋಯಿತು. ಕಿನು ಅಜ್ಜಿಯ ತುಟಿಗಳು ಹೊಲಿದ ಹಾಗೆ ಕೂಡಿಕೊಂಡವು. ಅವಳು ಅಳಲಿಲ್ಲ. ಇವನನ್ನು ನೋಡುತ್ತ ನಿಧಾನ ತಲೆಯಾಡಿಸಿದಳು, ಎಷ್ಟು ಹೇಳಿದರೂ ಕೇಳದ ಮಗನಿಗೆ ಆಡಿಸುವ ಹಾಗೆ. ಪಕ್ಕದ ಮನೆಯಲ್ಲಿ ನೇತಾಡುತ್ತಿದ್ದ ಫೋನಿನಿಂದ ಚಿಗುಸಾ ಕೂಗುತ್ತಿದ್ದಳು. ಅವನು ಹೋಗಿ ಕಿವಿಗಿಟ್ಟುಕೊಂಡ.

"ಕುಡೀತಿದ್ದಾಳೆ ರೀ! ಕೇಳಿಸ್ತಾ? ಚಪ್ಪರಿಸ್ತಿದ್ದಾಳೆ!"

ಮುನೆಹಿರೊ ಗೋಡೆಗೊರಗಿ ಹೋ ಎಂದು ಅತ್ತ.

ಅಜ್ಜಿ ಹಿಮ ಕರಗುವ ಮುಂಚೆ ಹೋದಳು. ಡಾಕ್ಟರು ಮುಪ್ಪು ಎಂದು ಬರೆದರು. ಊರಿನಲ್ಲಿ ಯಾರೂ ಏನೂ ಕೇಳಲಿಲ್ಲ, ಯಾರೂ ಅವನ ಜೊತೆ ಮಾತನ್ನೂ ಆಡಲಿಲ್ಲ.

ಸಯೊ ಮನೆಗೆ ಬಂದ ದಿನವೇ ಅಜ್ಜಿಯ ಎಚ್ಚರಿಕೆ ಏನೆಂದು ಗೊತ್ತಾಯಿತು. ಅಪ್ಪ ಎತ್ತಿಕೊಂಡರೆ ಬಾಯಿ ಮುಚ್ಚುತ್ತಾಳೆ. ಅಪ್ಪ ಒಳಗೆ ಬಂದರೆ ಮೊಲೆ ಬಿಡುತ್ತಾಳೆ. ಅವನು ಕಡೆದ ಬಟ್ಟಲು, ಚಮಚ, ತಟ್ಟೆ ಯಾವುದರಲ್ಲಿ ಕೊಟ್ಟರೂ ಒಂದಗುಳು ಇಳಿಯದು. ಚಿಗುಸಾ ಅವನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದಳು. ಆಮೇಲೆ ಮೆತ್ತಗೆ, ಮುಖ ನೋಡದೆ, ಗಂಡನ ಹಾಸಿಗೆಯನ್ನೂ ಕೊಟ್ಟಿಗೆಗೆ ಸಾಗಿಸಿದಳು.

ಈಗ ಸಯೊಗೆ ಮಾತು ಬಂದಿದೆ. ಮೊನ್ನೆ ಅನ್ನದುಂಡೆ ಹಿಡಿದು ಅಂಗಳಕ್ಕೆ ಬಂದವಳು ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪನನ್ನು ಕಂಡಳು. ಬಾಯ್ತುಂಬ ಅಗಿಯುತ್ತಲೇ ಉಳಿದರ್ಧವನ್ನು ಚಾಚಿದಳು.

"ಅಪ್ಪ, ಆ ಮಾಡು. ಆ..."

ಮುನೆಹಿರೊ ತಡೆಯಲಾರದೆ ಒಂದು ಹೆಜ್ಜೆ ಮುಂದಿಟ್ಟ. ಅಷ್ಟೇ. ಮಗುವಿನ ದವಡೆ ನಿಂತಿತು. ಕೆನ್ನೆಯಲ್ಲಿ ತುತ್ತು ಹಾಗೇ ಉಳಿಯಿತು, ತುಟಿ ಬಿಗಿಯಿತು, ಕಣ್ಣು ಮೇಲಾಯಿತು. ಚಾಚಿದ ಕೈ ಮಾತ್ರ ಚಾಚಿಯೇ ಇತ್ತು. ಅವನು ಹಿಂದೆ ಸರಿದ. ಇನ್ನೂ ಹಿಂದೆ. ಕೊಟ್ಟಿಗೆ ದಾಟಿ, ಬೇಲಿ ದಾಟಿ, ಮಗಳ ದವಡೆ ಮತ್ತೆ ಅಲ್ಲಾಡುವವರೆಗೂ ಹಿಂದೆ ಹಿಂದೆ ನಡೆದ.