ಬಟ್ಟಲ ಬದಿಯ ಲವಂಗ

ಲೀಲಾಧರ ಶೆಟ್ಟರು ಕುರ್ಚಿ ಸಮೇತ ನೆಲಕ್ಕುರುಳಿದಾಗ ನಿಶ್ಮಿತಾ ಮುಂದಿನ ಗಿರಾಕಿಗೆ ನೂಡಲ್ಸ್ ಬಸಿಯುತ್ತಿದ್ದಳು. ಓಡಿ ಬಂದು ನೋಡಿದರೆ ಶೆಟ್ಟರು ಎರಡೂ ಕೈಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

"ನಾಲಿಗೆ ಜುಂ ಅಂತ ಉಂಟು... ತುಟಿಯೇ ಇಲ್ಲದ ಹಾಗೆ ಉಂಟು," ಎಂದರು. ಆಮೇಲೆ ಕಣ್ಣು ಮೇಲಾಯಿತು.

ಖಾರ್‌ಘರ್‌ನ ಆ ಮಾಲ್‌ನಲ್ಲಿ ನಿಶ್ಮಿತಾಳ ಅಂಗಡಿ ಫುಡ್ ಕೋರ್ಟಿನ ಒಂದು ಮೂಲೆಗಿತ್ತು. ಚೀನಾ ಶೈಲಿಯ ಖಾರದ ಬೀಫ್ ನೂಡಲ್ ಸೂಪ್ ಅವಳ ಹೆಸರುವಾಸಿ ತಿನಿಸು. ಮಾಂಸ ಕೋಣದ್ದು, ಪರವಾನಗಿ ಗೋಡೆಗೆ ತೂಗುಹಾಕಿತ್ತು. ಆದರೆ ಒಬ್ಬ ಮನುಷ್ಯ ನೆಲದ ಮೇಲೆ ಬಿದ್ದಿರುವಾಗ ಗೋಡೆಯ ಕಾಗದವನ್ನು ಯಾರು ಓದುತ್ತಾರೆ? ನೆರೆದವರಲ್ಲೊಬ್ಬ ಬೋರ್ಡಿನ ಮೇಲಿದ್ದ 'ಬೀಫ್' ಅನ್ನುವುದನ್ನಷ್ಟೇ ಗಟ್ಟಿಯಾಗಿ ಓದಿದ. ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದ. 

ಅಷ್ಟರಲ್ಲಿ ಶೇಖರ ಓಡಿ ಬಂದ. ಅವನು ಶೆಟ್ಟರ ಹೆಂಡತಿಯ ತಮ್ಮ. ಕಳಂಬೋಲಿಯಲ್ಲಿರುವ ಅವರ ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಪ್ರತಿ ಗುರುವಾರ ವಾಶಿ ಮಾರ್ಕೆಟಿನಿಂದ ತರಕಾರಿ ತರುವ ನೆಪದಲ್ಲಿ ಭಾವನನ್ನು ಇಲ್ಲಿಗೆ ಕರೆತರುತ್ತಿದ್ದ. ತಾನು ಮಾತ್ರ ಆ ಮೇಜಿಗೆ ಕೂರದೆ ದೂರದಲ್ಲಿ ನಿಂಬೆ ಶರಬತ್ತು ಕುಡಿಯುತ್ತಿದ್ದ.

"ಆ ಚೀನಾ ಪುಡಿ! ಭಾವ ಎರಡು ಚಮಚ ಹಾಕ್ಕೊಂಡದ್ದು ನಾನು ಕಣ್ಣಾರೆ ನೋಡಿದ್ದೇನೆ. ಇವಳು ವಿಷ ಇಟ್ಟಿದ್ದಾಳೆ!" ಎಂದು ಅವನು ಕೂಗಿದ.

ಅದು ನಮ್ಮ ಕರಾವಳಿಯ ಜುಮ್ಮನಕಾಯಿಯ ಜಾತಿಗೆ ಸೇರಿದ ಚೀನಾ ಮೆಣಸು. ಖಾರಕ್ಕಿಂತ ಹೆಚ್ಚಾಗಿ ನಾಲಿಗೆಯನ್ನು ಜುಮ್ಮೆನಿಸುವುದೇ ಅದರ ಗುಣ. ಎಲ್ಲರಿಗೂ ಅದು ಒಗ್ಗುವುದಿಲ್ಲವೆಂದು ನಿಶ್ಮಿತಾ ಅದನ್ನು ಸೂಪಿಗೆ ಬೆರೆಸದೆ, ಪಕ್ಕದ ಕಟ್ಟೆಯ ಮೇಲೆ ಡಬ್ಬಿಯಲ್ಲಿ ಇಡುತ್ತಿದ್ದಳು. ಬೇಕಾದವರು ಹಾಕಿಕೊಳ್ಳಬೇಕು. ಯಾರು ಹಾಕಿಕೊಂಡರು, ಯಾರು ಬಿಟ್ಟರು ಎಂದು ಅವಳು ಒಲೆ ಬಿಟ್ಟು ನೋಡುತ್ತಿರಲಿಲ್ಲ.

ಗುಂಪು ಹತ್ತಿರ ಬಂತು. ಆಗ ನಿಶ್ಮಿತಾ ಮಾಡಿದ ಕೆಲಸವನ್ನು ಬುದ್ಧಿ ನೆಟ್ಟಗಿರುವ ಯಾರೂ ಮಾಡುವುದಿಲ್ಲ. ಶೆಟ್ಟರ ಬಟ್ಟಲನ್ನು ಎತ್ತಿಕೊಂಡಳು. ಬಟ್ಟಲ ಬದಿಯಲ್ಲಿ, ಟ್ರೇಯ ಮೇಲೆ, ಒಂದು ಒಣ ಲವಂಗ ಬಿದ್ದಿತ್ತು. ತನ್ನ ಮಸಾಲೆಯದೇ ಇರಬೇಕು ಅಂದುಕೊಂಡಳು. ನೂಡಲ್ಸ್ ಮುಗಿದು ಉಳಿದಿದ್ದ ರಸದಲ್ಲಿ ಅರ್ಧವನ್ನು ಎಲ್ಲರೆದುರಿಗೆ ಗಟಗಟ ಕುಡಿದಳು.

"ನೋಡಿ, ವಿಷ ಇದ್ರೆ ನಾನೂ ಸಾಯಲಿ!"

ಸೂಪಿನ ಖಾರ ಗಂಟಲು ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಗುಂಪು ಹಿಂದೆ ಸರಿಯಿತು. ನಿಶ್ಮಿತಾ ಕುಕ್ಕರಿಸಿ ಕೂತು, ಇನ್ನೇನು ಸಾಯುತ್ತೇನೆ ಎಂದು ಕಾದಳು. ಸಾವು ಬರಲಿಲ್ಲ, ಪೊಲೀಸರು ಬಂದರು.

ಬಂದವರು ಸಬ್ ಇನ್‌ಸ್ಪೆಕ್ಟರ್ ಅನಿಲಕುಮಾರ, ಅಕ್ಕಲಕೋಟೆ ಕಡೆಯ ಕನ್ನಡದವರು. ಶೆಟ್ಟರನ್ನು ಆಸ್ಪತ್ರೆಗೆ ಸಾಗಿಸಿ, ಟ್ರೇಯ ಫೋಟೊ ತೆಗೆದು, ಬಟ್ಟಲು ಮತ್ತು ಡಬ್ಬಿಯನ್ನು ವಶಕ್ಕೆ ತೆಗೆದುಕೊಂಡು ಅಂಗಡಿಗೆ ಬೀಗ ಹಾಕಿಸಿದರು.

"ನಾನೇ ಕುಡಿದು ತೋರಿಸಿದೆನಲ್ಲ ಸರ್," ಎಂದಳು ನಿಶ್ಮಿತಾ.

"ಮ್ಯಾಲಿನ ರಸ ಕುಡದ್ರ ಏನಾತವ್ವಾ? ಪುಡಿ ತಳದಾಗ ಕುಂದರ್ತದ. ನಾಳೆ ಠಾಣೆಗೆ ಬಾ. ಆ ಮನಷ್ಯಾ ಉಳದ್ರ ಒಂದು ಮಾತು, ಉಳೀಲಿಲ್ಲಂದ್ರ ಬ್ಯಾರೇನ ಮಾತು."

ಆ 'ಬ್ಯಾರೇ ಮಾತು' ಡೊಂಬಿವಲಿಯವರೆಗೂ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಬಂತು.

*

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ನಿಶ್ಮಿತಾಳ ಮನೆಯ ಕೆಳಗೇ ದಮಯಂತಿಯ ಮನೆ. ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಮುಖ್ಯಸ್ಥೆಯಾಗಿ ನಿವೃತ್ತಳಾದ ಮೇಲೆ, ಕಳೆದುಹೋದದ್ದು, ಕದ್ದುಹೋದದ್ದು, ಯಾರಿಗೂ ತಿಳಿಯದ್ದು ಎಲ್ಲವೂ ಈ ಹೆಂಗಸಿನ ಬಾಗಿಲಿಗೆ ಬರುತ್ತಿತ್ತು. ನಿಶ್ಮಿತಾ ಅವಳ ಚೀಲ ಹೊತ್ತು ಅನೇಕ ಪ್ರಕರಣಗಳಿಗೆ ಹೋದವಳು. ಈ ಸಲ ಮಾತ್ರ ಪ್ರಕರಣ ಅವಳದೇ ಬಟ್ಟಲಿಗೆ ಬಂದು ಬಿದ್ದಿತ್ತು.

"ಅಕ್ಕಾ, ನನ್ನ ಕತೆ ಮುಗಿಯಿತು," ಎಂದು ಅತ್ತಳು.

"ಅಳುವುದು ಆಮೇಲೆ ಮಾರಾಯ್ತಿ. ಮೊದಲು ಏನೇನಾಯ್ತು ಒಂದೂ ಬಿಡದೆ ಹೇಳು."

ನಿಶ್ಮಿತಾ ಹೇಳಿದಳು. ಲವಂಗದ ಮಾತು ಬಂದಾಗ ದಮಯಂತಿ ಕನ್ನಡಕ ತೆಗೆದಳು. "ನೀನು ಸೂಪಿಗೆ ಲವಂಗ ಹೇಗೆ ಹಾಕುವುದು?"

"ಚಕ್ಕೆ, ಲವಂಗ ಎಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಸ್ತೇನೆ. ಆಮೇಲೆ ಗಂಟು ಹಿಂಡಿ ಬಿಸಾಡ್ತೇನೆ."

"ಮತ್ತೆ ಬಟ್ಟಲ ಬದಿಗೆ ಒಣ ಲವಂಗ ಹಾರಿ ಬಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಫೋನು ಮಾಡಿದಳು. ಡಾಕ್ಟರರ ಜತೆ ತುಂಬ ಹೊತ್ತು ಮಾತಾಡಿದಳು. ಹೃದಯದ ಬಡಿತ ದಾರಿ ತಪ್ಪಿದೆ, ಕಾರಣ ಗೊತ್ತಾಗುತ್ತಿಲ್ಲ ಎಂದರಂತೆ.

ಮರುದಿನ ಬೆಳಿಗ್ಗೆ ಠಾಣೆಯಲ್ಲಿ ಹೇಳಿಕೆ ಕೊಟ್ಟು ಇಬ್ಬರೂ ಆಸ್ಪತ್ರೆಗೆ ಹೋದರು. ಶೆಟ್ಟರಿಗೆ ಇನ್ನೂ ಎಚ್ಚರವಿರಲಿಲ್ಲ. ಹೆಂಡತಿ ಭಾಗ್ಯಾ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ನಿಶ್ಮಿತಾಳನ್ನು ಕಂಡ ಕೂಡಲೇ ಮುಖ ತಿರುಗಿಸಿದಳು.

"ನನಗೆ ಗೊತ್ತೇ ಇರಲಿಲ್ಲ ಅಕ್ಕಾ, ಇವರು ಅದನ್ನೆಲ್ಲ ತಿನ್ತಾರೆ ಅಂತ," ಎಂದು ದಮಯಂತಿಗೆ ಹೇಳಿದಳು. "ಮನೆಗೆ ಬರುವಾಗ ಬಾಯಲ್ಲಿ ಬೀಡಾ, ನಗುಮುಖ. ಎಷ್ಟು ಶುದ್ಧ ಅಂದುಕೊಂಡಿದ್ದೆ. ಸಂಜೆಯ ಸಾಂಬಾರು ಇವರ ನಾಲಿಗೆಗೆ ಬೀಳದೆ ಹೋಟೆಲಿನ ಮೇಜಿಗೆ ಹೋದದ್ದೇ ಇಲ್ಲ. ನಿನ್ನೆ ಯಾರೂ ರುಚಿ ನೋಡಲಿಲ್ಲ, ಹಾಗೇ ಬಡಿಸಿದರಂತೆ."

"ಹೋಟೆಲು ಮುಂದೆ ಯಾರು ನೋಡಿಕೊಳ್ಳುವುದು?"

"ಮಾರುವುದು ಅಂತ ನಿಶ್ಚಯ ಮಾಡಿದ್ರು, ಉಕ್ಕಿನ ಗೋದಾಮಿನವರಿಗೆ. ಶೇಖರನಿಗೆ ಬೇರೆ ಕಡೆ ಕೆಲಸ ಹುಡುಕು ಅಂದಿದ್ರು. ಪಾಪ, ಅವನೇ ಈಗ ಎಲ್ಲ ಓಡಾಡ್ತಾ ಇದ್ದಾನೆ."

ಅಲ್ಲಿಂದ ದಮಯಂತಿ ಸೀದಾ ಕಳಂಬೋಲಿಯ ಹೋಟೆಲಿಗೆ ಹೋಗಿ ಕಾಫಿ ಕುಡಿದಳು. ನಿಶ್ಮಿತಾ ಒಳಗೆ ಕಾಲಿಡಲು ಹೆದರಿ ಹೊರಗೇ ನಿಂತಳು. ಗಾಜಿನಾಚೆ ಶೇಖರ ಗಲ್ಲಾದಲ್ಲಿ ಕೂತು, ಊಟ ಮುಗಿಸಿದ ಖಾಯಂ ಗಿರಾಕಿಗಳಿಗೆ ಎಲೆ ಮಡಚಿ, ಲವಂಗ ಚುಚ್ಚಿ ಬೀಡಾ ಕೊಡುತ್ತಿದ್ದ. ಒಮ್ಮೆ ತಲೆ ಎತ್ತಿ ನಿಶ್ಮಿತಾಳನ್ನು ನೋಡಿದ. ಅವಳು ಕಂಬದ ಮರೆಗೆ ಸರಿದಳು.

*

ಅದರ ಮರುದಿನ, ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ತಿಂಡಿ ಇನ್ನೂ ಶುರುವಾಗದ ಹೊತ್ತಿನಲ್ಲಿ ದಮಯಂತಿ ಎಲ್ಲರನ್ನೂ ಅದೇ ಹೋಟೆಲಿನಲ್ಲಿ ಕೂರಿಸಿದಳು. ಭಾಗ್ಯಾ, ಶೇಖರ, ಅನಿಲಕುಮಾರ, ಮೂಲೆಯಲ್ಲಿ ನಿಶ್ಮಿತಾ. ಒಳಗಿನಿಂದ ಬಿಸಿ ಸಾಂಬಾರಿನ ಬೋಗುಣಿ ಬಂತು. ದಮಯಂತಿ ಚೀಲದಿಂದ ಚೀನಾ ಮೆಣಸಿನ ಪೊಟ್ಟಣ ತೆಗೆದಳು.

"ಇನ್‌ಸ್ಪೆಕ್ಟರೇ, ಒಂದು ಚಿಟಿಕೆ ನಾಲಿಗೆಗೆ ಹಾಕಿ. ನಿಶ್ಮಿ, ನೀನೂ ಹಾಕು."

"ನನಗೆ ಬೇಡ ಅಕ್ಕಾ," ಎಂದು ನಿಶ್ಮಿತಾ ಹಿಂದೆ ಸರಿದಳು. ತನ್ನ ಕೈಯಾರೆ ಪುಡಿ ಮಾಡಿದ ಮೆಣಸನ್ನು ಮುಟ್ಟಲೂ ಅವಳಿಗೆ ಭಯ. ದಮಯಂತಿ ಸುಮ್ಮನೆ ಕೈ ಚಾಚಿ ಹಿಡಿದಿದ್ದಳು. ಕೊನೆಗೆ ನಿಶ್ಮಿತಾ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು. ತುಸು ಹೊತ್ತಿಗೆ ನಾಲಿಗೆಯ ತುದಿ ಜುಮ್ಮೆಂದಿತು, ಮತ್ತೆ ತುಟಿ, ಮತ್ತೆ ಇಡೀ ಬಾಯಿ. ಅವಳು ಫಕ್ಕನೆ ಕಣ್ಣು ತೆರೆದಳು.

"ಅಕ್ಕಾ! ಮೊನ್ನೆ ಶೆಟ್ಟರ ಬಟ್ಟಲಲ್ಲಿ ಕುಡಿದಾಗ ಹೀಗಾಗಲೇ ಇಲ್ಲ. ಬರೀ ಖಾರ ಇತ್ತು!"

"ಈಗ ನೆನಪಾಯ್ತಾ? ಆ ಹೊತ್ತಿಗೆ ಹೆದರಿ ನಿನಗೆ ನಾಲಿಗೆ ಇರುವುದೇ ಮರೆತುಹೋಗಿತ್ತು. ಇನ್‌ಸ್ಪೆಕ್ಟರೇ, ಈ ಸಾಂಬಾರಿಗೆ ಉಪ್ಪು ಸಾಕಾ?"

ಆಗಲೇ ಪುಡಿ ಬಾಯಿಗೆ ಹಾಕಿಕೊಂಡಿದ್ದ ಅನಿಲಕುಮಾರ ಸಾಂಬಾರಿನ ಚಮಚ ನೆಕ್ಕಿ ಮುಖ ಕಿವುಚಿದರು. "ಉಪ್ಪದನೋ ಹುಳಿ ಅದನೋ, ಏನೂ ತಿಳೀವಲ್ದು ನೋಡ್ರಿ."

"ಅಷ್ಟೇ ವಿಷಯ. ಶೆಟ್ಟರು ದಿನಾ ಸಂಜೆ ಇಲ್ಲಿ ಸಾಂಬಾರಿನ ರುಚಿ ನೋಡಬೇಕು. ನಾಲಿಗೆ ಸತ್ತರೆ ಅವರ ಕೆಲಸ ಕೆಟ್ಟಿತು. ಅಂಥವರು ಮಧ್ಯಾಹ್ನ ಈ ಪುಡಿಯನ್ನು ಎರಡು ಚಮಚ ಹಾಕಿಕೊಳ್ಳುವುದುಂಟಾ? ಒಂದು ಕಾಳೂ ಹಾಕಿಕೊಳ್ಳಲಿಲ್ಲ. ಆದರೂ ಅವರ ಬಾಯಿ ಜುಮ್ಮೆಂದಿತು. ಅಂದ ಮೇಲೆ ಜುಮ್ಮೆನಿಸಿದ್ದು ಬೇರೆ ಏನೋ. ನಾಲಿಗೆಯಲ್ಲಿ ಶುರುವಾಗಿ ಹೃದಯಕ್ಕೆ ಹೋಗುವ ಒಂದು ವಿಷದ ಬೇರು ಉಂಟು, ವತ್ಸನಾಭಿ. ನಾನು ಹೇಳಿದ ಮೇಲೆ ಡಾಕ್ಟರು ರಕ್ತದಲ್ಲಿ ಅದನ್ನೇ ಹುಡುಕಿದರು, ಸಿಕ್ಕಿತು. ಅದಕ್ಕೆ ತಕ್ಕ ಚಿಕಿತ್ಸೆಯೂ ಆಗ್ತಾ ಉಂಟು."

"ಸೂಪಿನಲ್ಲೇ ಇದ್ದಿರಬಹುದಲ್ಲ," ಎಂದ ಶೇಖರ.

"ಅದೇ ಬಟ್ಟಲಿನ ಸೂಪು ಕುಡಿದವಳು ಇಲ್ಲೇ ಕೂತಿದ್ದಾಳೆ. ವಿಷ ತಳದ ಪುಡಿಯಲ್ಲಿತ್ತು ಅನ್ನುವ ಮಾತು, ಭಾವ ಪುಡಿ ಹಾಕಿಕೊಂಡರು ಅಂತ ನೀನು ಹೇಳಿದ್ದನ್ನು ನಂಬಿದರೆ ಮಾತ್ರ ನಿಲ್ಲುತ್ತದೆ. ಇನ್‌ಸ್ಪೆಕ್ಟರೇ, ಟ್ರೇಯ ಫೋಟೊ ತೋರಿಸಿ. ಬಟ್ಟಲ ಬದಿಯಲ್ಲಿ ಲವಂಗ ಉಂಟು. ಒಣಗಿದೆ, ಸೂಪು ತಾಗಿಲ್ಲ. ಮಾಂಸದ ವಾಸನೆ ಹೊತ್ತುಕೊಂಡು ಸಸ್ಯಾಹಾರಿ ಹೋಟೆಲಿಗೆ, ಹೆಂಡತಿಯ ಎದುರಿಗೆ ಹೋಗಲಿಕ್ಕೆ ಆಗ್ತದಾ? ಸೂಪು ಮುಗಿಸುವಾಗ ಶೆಟ್ಟರಿಗೆ ಬೀಡಾ ಬೇಕೇ ಬೇಕು. ಆದರೆ ಲವಂಗವೂ ನಾಲಿಗೆಯನ್ನು ತುಸು ಮಂಕು ಮಾಡ್ತದೆ. ಅದಕ್ಕೇ ಅವರು ಲವಂಗ ಕಿತ್ತು ಬದಿಗಿಟ್ಟು ಬೀಡಾ ಮಾತ್ರ ಜಗಿದರು. ವಿಷ ಇದ್ದದ್ದು ಅದರಲ್ಲಿ."

ಭಾಗ್ಯಾ ನಿಧಾನವಾಗಿ ಗಲ್ಲಾದ ಕಡೆ ತಿರುಗಿದಳು. ಅಲ್ಲಿ ಒದ್ದೆ ಬಟ್ಟೆಯಲ್ಲಿ ಎಲೆ, ಪಕ್ಕದಲ್ಲಿ ಲವಂಗದ ಡಬ್ಬಿ ಇತ್ತು.

"ಇವರಿಗೆ ಬೀಡಾ ಕಟ್ಟಿ ಕೊಡುವುದು ನೀನೊಬ್ಬನೇ ಅಲ್ವಾ ಶೇಖರಾ?" ಎಂದಳು.

"ಅಕ್ಕಾ, ಪೇಟೆಯಲ್ಲಿ ಎಷ್ಟು ಬೀಡಾ ಅಂಗಡಿ ಇಲ್ಲ..."

"ಉಂಟು," ಎಂದಳು ದಮಯಂತಿ. "ಆದರೆ ಪುಡಿಯ ಸುಳ್ಳು ಹೇಳಿದವನು ನೀನೊಬ್ಬನೇ. ಬಾಯಿ ಜುಮ್ಮೆನ್ನುವುದಕ್ಕೆ ನಿನಗೊಂದು ಕಾರಣ ಬೇಕಿತ್ತು, ಪುಡಿಯ ಡಬ್ಬಿ ಕಣ್ಣೆದುರಿಗೇ ಇತ್ತು. ಇಷ್ಟು ವರ್ಷ ಗಲ್ಲಾದಲ್ಲಿ ಕೂತೆ, ಒಮ್ಮೆಯಾದರೂ ಅಡುಗೆಮನೆಗೆ ಹೋಗಿದ್ದರೆ ಭಾವ ತನ್ನ ನಾಲಿಗೆಯನ್ನು ಎಷ್ಟು ಜೋಪಾನ ಮಾಡ್ತಾರೆ ಅಂತ ಗೊತ್ತಾಗ್ತಿತ್ತು. ರುಚಿ ನೋಡುವುದು ಯಜಮಾನಿಕೆಯ ಶೋಕಿ ಅಂದುಕೊಂಡೆ."

ಅನಿಲಕುಮಾರ ಎದ್ದು ನಿಂತರು. "ಈ ಅಕ್ಕಾರು ಹೇಳಿದ ಮ್ಯಾಲೆ ವಿಚಾರಿಸಿದ್ವಿ. ಕಲ್ಯಾಣದ ಬಾಜಾರದಾಗ ಬೇರು ಮಾರಾಂವ ನಿನ್ನ ಫೋಟೊ ನೋಡಿ ಗುರುತು ಹಿಡಿದಾನಪಾ. ಮಂಡಿನೋವಿನ ಎಣ್ಣಿಗಂತ ಹೇಳಿ ಒಯ್ದಿಯಂತ."

ಶೇಖರ ಗಲ್ಲಾದ ಕುರ್ಚಿಯ ಬೆನ್ನು ಹಿಡಿದು ನಿಂತ. "ನನ್ನ ಆಯುಷ್ಯ ಎಲ್ಲ ಇದೇ ಕುರ್ಚಿಯಲ್ಲಿ ಹೋಯ್ತು," ಎಂದ. "ಒಂದು ಮಾತೂ ಕೇಳದೆ ಮಾರ್ತೇನೆ ಅಂದ್ರು. ನಾನು ಎಲ್ಲಿಗೆ ಹೋಗುವುದು?"

ಭಾಗ್ಯಾ ತಮ್ಮನ ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಹೊಡೆಯಲಾರದೆ ಅದೇ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ನಿಶ್ಮಿತಾಳಿಗೂ ಅಳು ಬಂತು. ತಾನು ಪಾರಾದೆನೆಂಬ ನಿರಾಳಕ್ಕಿಂತ, ಒಬ್ಬ ಮನುಷ್ಯ ಬೀಡಾ ಮಡಚುವಷ್ಟು ಸಲೀಸಾಗಿ ಸಾವನ್ನೂ ಮಡಚಿ ಕೊಟ್ಟನಲ್ಲ ಎಂಬ ಭಯವೇ ಅವಳಿಗೆ ದೊಡ್ಡದಾಗಿತ್ತು.

*

ಅಂಗಡಿಯ ಬೀಗ ತೆಗೆದ ಮೇಲೂ ಆ ಭಯ ಹೋಗಲಿಲ್ಲ. ಗಿರಾಕಿ ಕೆಮ್ಮಿದರೆ ಸಾಕು, ನಿಶ್ಮಿತಾಳ ಕೈಯಿಂದ ಸೌಟು ಜಾರುತ್ತಿತ್ತು. ಹಾಗಿರುವಾಗ ಒಂದು ಗುರುವಾರ ಲೀಲಾಧರ ಶೆಟ್ಟರು ಒಬ್ಬರೇ ಬಂದು ಅದೇ ಮೇಜಿಗೆ ಕೂತರು. ತುಂಬ ಬಡವಾಗಿದ್ದರು.

"ಒಂದು ಬಟ್ಟಲು ಕೊಡು ಮಗಾ," ಎಂದರು.

"ನನ್ನ ಕೈಯಲ್ಲಿ ಆಗುವುದಿಲ್ಲ ಶೆಟ್ರೇ. ಹೆದರಿಕೆ ಆಗ್ತದೆ."

"ನನಗೂ ಆಗ್ತದೆ. ಕೊಡು."

ಅವಳು ಕೊಟ್ಟಳು. ಅವರು ಪುಡಿಯ ಡಬ್ಬಿಯ ಕಡೆ ನೋಡಲೂ ಇಲ್ಲ. ಮೊದಲ ಚಮಚ ಬಾಯಿಗೆ ಹೋಗುವಾಗ ಇಬ್ಬರೂ ಉಸಿರು ಹಿಡಿದಿದ್ದರು. ಎರಡನೆಯದಕ್ಕೆ ಶೆಟ್ಟರ ಹಣೆಯಲ್ಲಿ ಬೆವರು ಮೂಡಿತು. ಖಾರದ ಬೆವರೇ ಅದು. ಬಟ್ಟಲು ಖಾಲಿಯಾಯಿತು. ಹಳೆಯ ಅಭ್ಯಾಸದಂತೆ ಅವರ ಕೈ ಅಂಗಿಯ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಜೇಬಿನಲ್ಲಿ ಏನೂ ಇರಲಿಲ್ಲ.

"ಸೋಂಪು ಕೊಡಲಾ?" ಎಂದು ನಿಶ್ಮಿತಾ ಮೆಲ್ಲಗೆ ಕೇಳಿದಳು. "ವಾಸನೆ..."

ಶೆಟ್ಟರು ಜೇಬಿನಿಂದ ಬರಿಗೈ ತೆಗೆದು ಮೇಜಿನ ಮೇಲಿಟ್ಟರು.

"ಬೇಡ. ಭಾಗ್ಯಾ ಕೆಳಗೆ ರಿಕ್ಷಾದಲ್ಲಿ ಕಾಯ್ತಾ ಇದ್ದಾಳೆ. ತಿಂದೇ ಬನ್ನಿ, ಆದರೆ ಹೇಳಿ ತಿನ್ನಿ ಅಂದಿದ್ದಾಳೆ."